ಆ ಹುಡುಗರು ನನ್ನ ಕಾರು ತಡೆಯಲಿಲ್ಲ

ಡೆಟ್ರಾಯಿಟಿನ ಪೂರ್ವಭಾಗದ ಆ ಬೀದಿಯ ಮೂಲೆಯಲ್ಲಿ ಹುಡುಗರು ನನ್ನ ಕಾರನ್ನು ಅಡ್ಡಗಟ್ಟಿದರು ಎಂದು ನಾನು ಹೇಳಿದ್ದು ಸುಳ್ಳು. ಅವರು ತಡೆಯಲಿಲ್ಲ. ಹಿಮದ ಕೆಸರಿನಲ್ಲಿ ಹೂತುಹೋಗಿದ್ದ ಕಾರನ್ನು ತಳ್ಳಿ ಹೊರಗೆ ತಂದುಕೊಟ್ಟರು. ನಾನು ಕಿಟಕಿಯ ಗಾಜು ಕೂಡ ಇಳಿಸದೆ ಹೊರಟುಹೋದೆ — ಹೋಗಿ, ಮರುದಿನ ಆಫೀಸಿನಲ್ಲಿ, ಎಲ್ಲರೂ ಕೂತಿದ್ದ ಮೇಜಿನ ಎದುರು, ಅವರ ಮೇಲೆ ಅಪವಾದ ಹೊರಿಸಿದೆ.

ಈ ಕತೆಯನ್ನು ನಿಮ್ಮಲ್ಲಿ ಬಹಳ ಜನ ಕೇಳಿದ್ದೀರಿ. ನಮ್ಮ ಕನ್ನಡದವರ ಶನಿವಾರದ ಊಟಗಳಲ್ಲಿ, ಯಾರದ್ದಾದರೂ ಮನೆಯ ಬೇಸ್‌ಮೆಂಟಿನಲ್ಲಿ, ಬಿಸಿಬೇಳೆಬಾತಿನ ತಟ್ಟೆ ಕೈಯಲ್ಲಿ ಹಿಡಿದು ಕೇಳಿದ್ದೀರಿ. ಊರಿಗೆ ಹೊಸದಾಗಿ ಬಂದವರಿಗೆ ಹೆದ್ದಾರಿಯ ಯಾವ ಎಕ್ಸಿಟ್‌ನಲ್ಲಿ ಇಳಿಯಬಾರದು ಎಂದು ಹೇಳಿಕೊಡುವಾಗ ನೀವೇ ಅದನ್ನು ಹೇಳಿದ್ದೂ ಉಂಟು. ಹೇಳುತ್ತಾ ಹೇಳುತ್ತಾ ಮೂವರು ಹುಡುಗರು ಐವರಾದರು, ಐವರಲ್ಲೊಬ್ಬನ ಕೈಗೆ ಚಾಕು ಬಂತು. ಚಾಕು ನನ್ನದಲ್ಲ, ನಮ್ಮ ಮನೆಯವರು ಸೇರಿಸಿದ್ದು. ಆದರೆ ಅವರು ಅದನ್ನು ಸೇರಿಸುವಾಗ ನಾನು ಪಕ್ಕದಲ್ಲೇ ಕೂತು ಮೊಸರನ್ನ ಕಲಸುತ್ತಿದ್ದೆ. ಇಲ್ಲ ಎನ್ನಲಿಲ್ಲ.

ಬರೆಯಲು ಕೂತಾಗಿನಿಂದ ಎಷ್ಟು ಸಲ ಎದ್ದೆನೋ. ಒಲೆ ಆರಿಸಿದ್ದೇನೆಯೇ ಎಂದು ನೋಡಿ ಬಂದೆ, ಆರಿಸಿದ್ದೆ. ಒಗೆಯುವ ಬಟ್ಟೆ ಮೆಷಿನ್ನಿಗೆ ಹಾಕಿ ಬಂದೆ. ಈಗ ಅದು ಕೆಳಗಿನಿಂದ ಗುರುಗುಟ್ಟುತ್ತಿದೆ. ಕೂತರೆ ಮತ್ತೆ ಅದೇ ಬೀದಿ — ಇರಲಿ, ಮೊದಲಿನಿಂದ ಹೇಳುತ್ತೇನೆ.

ಎಪ್ಪತ್ತನೆಯ ಇಸವಿಯ ಚಳಿಗಾಲ ಮುಗಿಯುತ್ತಾ ಬಂದಿತ್ತು. ಮೈಸೂರಿನಲ್ಲಿ ಡಾಕ್ಟರಿಕೆ ಓದಿ, ಮದುವೆಯಾಗಿ ಈ ದೇಶಕ್ಕೆ ಬಂದಿದ್ದ ನಾನು, ಯಾವುದಾದರೂ ಆಸ್ಪತ್ರೆಯಲ್ಲಿ ಜಾಗ ಸಿಗುವ ತನಕ ಇರಲಿ ಎಂದು ಮಕ್ಕಳಿಗೆ ಲಸಿಕೆ ಹಾಕಿಸುವ ಒಂದು ಕಚೇರಿಗೆ ಸೇರಿಕೊಂಡಿದ್ದೆ. ಊರಿನಲ್ಲಿ ಕಪ್ಪು ಜನರಿರುವ ಕಡೆ ಗಲಭೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಸುಟ್ಟ ಅಂಗಡಿಗಳು ಹಾಗೇ ನಿಂತಿದ್ದವು. ನಮ್ಮ ಕಚೇರಿಯವನೊಬ್ಬ ಹಿಂದಿನ ವರ್ಷ ಪೆಟ್ಟು ತಿಂದು ಆಸ್ಪತ್ರೆ ಸೇರಿದ್ದ. ಹಾಗಾಗಿ ಲಸಿಕೆಯ ವ್ಯಾನು ಅಂಥ ಕಡೆ ಹೋಗಬೇಕಾದರೆ ಮೊದಲು ಯಾರಾದರೂ ಆ ಬೀದಿಗೆ ಹೋಗಿ ಅಪಾಯ ಎಷ್ಟಿದೆ ಎಂದು ನೋಡಿ ಬರಬೇಕಿತ್ತು. ಕೆಲವು ಬೀದಿಗಳನ್ನು ನೋಡಿ ಬರುವ ಕೆಲಸ ನನಗೆ ಬಂತು.

ಆ ಕೆಲಸ ನನಗೆ ಚೆನ್ನಾಗಿ ಒಗ್ಗಿತ್ತು, ಸಂಕೋಚವಿಲ್ಲದೆ ಹೇಳುತ್ತೇನೆ. ವ್ಯಾನು ಎಲ್ಲಿ ನಿಲ್ಲಬೇಕು, ಅವಸರ ಬಿದ್ದರೆ ತಿರುಗಿಸಿಕೊಳ್ಳದೆ ನೇರ ಹೊರಡಲು ದಾರಿ ಇದೆಯೇ — ಇದು ಯಾರ ಕಣ್ಣಿಗಾದರೂ ಬೀಳುತ್ತದೆ. ನಾನು ಮೆಟ್ಟಿಲು ನೋಡುತ್ತಿದ್ದೆ. ಮೆಟ್ಟಿಲ ಮೇಲಿನ ಹಿಮವನ್ನು ಬೆಳಿಗ್ಗೆಯೇ ಗುಡಿಸಿದ್ದರೆ, ವಯಸ್ಸಾದ ಹೆಂಗಸರು ಪರ್ಸು ಹಿಡಿದು ಒಬ್ಬೊಬ್ಬರೇ ಅಂಗಡಿಗೆ ನಡೆದುಹೋಗುತ್ತಿದ್ದರೆ, ಅದು ಸಂಸಾರಸ್ಥರ ಬೀದಿ. ಎಲ್ಲಕ್ಕಿಂತ ಮುಖ್ಯವಾಗಿ, ‘ಇವರು ನಮ್ಮ ಕಡೆಯವರು’ ಎಂದು ಇಡೀ ಬೀದಿಗೆ ಹೇಳಬಲ್ಲವರು ಒಬ್ಬರು ಬೇಕು. ಅಂಥವರು ಸಿಕ್ಕಿದರೆ ಪೊಲೀಸರೂ ಬೇಡ ಎನ್ನುವುದು ನನಗೆ ಬೇಗ ಗೊತ್ತಾಗಿತ್ತು.

ಕಚೇರಿಯಲ್ಲಿ ಎರಡು ಕಟ್ಟುನಿಟ್ಟಿನ ನಿಯಮಗಳಿದ್ದವು. ಬೀದಿಯನ್ನು ನೋಡಿ ಬಂದವರೇ ಆಮೇಲೆ ವ್ಯಾನಿನ ಜೊತೆ ಹೋಗಬೇಕು, ಏಕೆಂದರೆ ಅಲ್ಲಿಯವರಿಗೆ ಅವರ ಮುಖ ಪರಿಚಯವಿರುತ್ತದೆ. ಮತ್ತೆ, ನೋಡಿ ಬಂದವರು ಬೇಡ ಎಂದರೆ ಬೇಡವೇ — ಯಾರೂ ಒತ್ತಾಯಿಸುವಂತಿಲ್ಲ. ಪೆಟ್ಟು ತಿಂದವನನ್ನು ಆಸ್ಪತ್ರೆಯಲ್ಲಿ ಕಂಡು ಬಂದ ದಿನ ನಮ್ಮ ಮುಖ್ಯಸ್ಥ ಡಾಕ್ಟರ್ ಹ್ಯಾನ್ಸನ್ ಮಾಡಿದ ನಿಯಮ ಅದು. ಒಳ್ಳೆಯ ನಿಯಮ. ನಾನು ಅದರ ಹಿಂದೆಯೇ ಅವಿತುಕೊಂಡೆ.

ಆ ವರ್ಷ ನಾವು ಹಾಕುತ್ತಿದ್ದದ್ದು ರುಬೆಲ್ಲಾ ಲಸಿಕೆ. ಆಗಷ್ಟೇ ಬಂದಿತ್ತು. ರುಬೆಲ್ಲಾ ಮಕ್ಕಳಿಗೆ ಬಂದರೆ ಏನೂ ಅಲ್ಲ, ಮೂರು ದಿನ ಮೈ ಕೆಂಪಗಾಗಿ ಹೋಗುತ್ತದೆ. ಬಸುರಿಗೆ ಮೊದಲ ಮೂರು ತಿಂಗಳಲ್ಲಿ ತಗುಲಿದರೆ ಮಾತ್ರ ಹೊಟ್ಟೆಯಲ್ಲಿರುವ ಮಗುವಿನ ಕಿವಿಗೋ ಕಣ್ಣಿಗೋ ಹೃದಯಕ್ಕೋ ಪೆಟ್ಟು. ಬಸುರಿಯರಿಗೆ ಆ ಲಸಿಕೆ ಕೊಡುವಂತಿಲ್ಲ. ಅದಕ್ಕೇ ಮಕ್ಕಳಿಗೆ ಹಾಕಿ, ಮಕ್ಕಳಿಂದ ತಾಯಂದಿರಿಗೆ ಹರಡದ ಹಾಗೆ ನೋಡಿಕೊಳ್ಳುವುದು. ಇದನ್ನು ನಾನು ಚರ್ಚುಗಳಲ್ಲಿ, ಶಾಲೆಗಳಲ್ಲಿ ನಿಂತು ಎಷ್ಟು ಸಲ ವಿವರಿಸಿದ್ದೆನೋ.

ಮತ್ತು ನಾನು ಆಗ ಎರಡು ತಿಂಗಳ ಬಸುರಿ. ನಮ್ಮ ಮನೆಯವರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಾಗಕೂಡದು ಎಂದು ನಾನೇ ಹಟ ಹಿಡಿದಿದ್ದೆ. ಅದಕ್ಕೆ ಹಿಂದೆ ನಾವು ಶಿಕಾಗೋ ಕಡೆ ಇದ್ದಾಗ — ಇವರಿಗೆ ಎಲ್ಕ್ ಗ್ರೋವ್ ವಿಲೇಜಿನ ಕಾರ್ಖಾನೆಯಲ್ಲಿ ಕೆಲಸ — ಒಂದು ಸಲ ಗರ್ಭ ನಿಂತಿತ್ತು. ತಡೆಯಲಾರದೆ ಎಲ್ಲರಿಗೂ ಹೇಳಿಬಿಟ್ಟಿದ್ದೆ, ಸಿಹಿ ಹಂಚಿದ್ದೆ. ಮೂರು ತಿಂಗಳು ತುಂಬುವ ಮೊದಲೇ ಹೋಯಿತು. ಅತ್ತೆ ಮೈಸೂರಿನಿಂದ ಬರೆದಿದ್ದರು, ಕಣ್ಣು ಬಿತ್ತು, ಮುಂದಿನ ಸಲ ಮೂರು ತುಂಬುವ ತನಕ ಬಾಯಿ ಬಿಡಬೇಡ ಎಂದು. ಅತ್ತೆಯ ಮೇಲೆ ಹಾಕಿ ಕೈ ತೊಳೆದುಕೊಳ್ಳಲು ನಾನು ಇದನ್ನು ಹೇಳುತ್ತಿಲ್ಲ. ನಾನು ಡಾಕ್ಟರು, ಕಣ್ಣು ಬಿದ್ದು ಗರ್ಭ ಹೋಗುವುದಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ನಮ್ಮಲ್ಲಿ ಯಾವ ಹೆಂಗಸು ಬಿಟ್ಟಾಳು?

ಡಾಕ್ಟರ್ ಹ್ಯಾನ್ಸನ್‌ಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ‘ನಾನು ಬಸುರಿ, ಬೇರೆಯವರನ್ನು ಕಳಿಸಿ’ — ಅಷ್ಟೇ. ಬೇರೆಯವರು ಹೋಗುತ್ತಿದ್ದರು, ವ್ಯಾನೂ ಹೋಗುತ್ತಿತ್ತು. ನನ್ನ ಮೈಯಲ್ಲಿ ರುಬೆಲ್ಲಾ ತಡೆಯುವ ಶಕ್ತಿ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿಕೊಳ್ಳಬಹುದಿತ್ತು. ಆದರೆ ರಕ್ತ ಹೋಗುವುದು ನಮ್ಮದೇ ಲ್ಯಾಬಿಗೆ, ಯಾಕೆ ಎಂದು ಕೇಳುತ್ತಾರೆ, ಸಂಜೆಗೆ ಇಡೀ ಕಚೇರಿಗೆ ಗೊತ್ತು. ಮೂರು ತಿಂಗಳು ತುಂಬಲಿ ಎಂದು ಕಾದೆ. ಮುಚ್ಚಿಡಬೇಕೆಂದ ಆ ಮೂರು ತಿಂಗಳೂ, ಹೆದರಬೇಕಾದ ಆ ಮೂರು ತಿಂಗಳೂ ಒಂದೇ ಆಗಿದ್ದವು.

ಆ ದಿನ ಜೊತೆಗೆ ಬರಬೇಕಿದ್ದ ನರ್ಸಿಗೆ ಫ್ಲೂ. ಒಬ್ಬಳೇ ಹೋದೆ. ಬೆಳಗ್ಗೆ ಹತ್ತರ ಸುಮಾರು. ಮೆಟ್ಟಿಲುಗಳನ್ನೆಲ್ಲ ಗುಡಿಸಿದ್ದರು. ಬೀದಿಯ ನಡುವೆ ಒಂದು ಚರ್ಚು, ಅದರ ಬೇಸ್‌ಮೆಂಟಿಗೆ ಎರಡು ಬಾಗಿಲು. ಮೂಲೆಯ ಅಂಗಡಿಯ ಕಿಟಕಿಗೆ ಹಲಗೆ ಹೊಡೆದಿತ್ತು, ಆದರೂ ಒಳಗೆ ವ್ಯಾಪಾರ ನಡೆದಿತ್ತು. ಮತ್ತೆ ಅಲ್ಲಿ ಮಿಸೆಸ್ ಬೇಟ್ಸ್ ಇದ್ದಳು.

ಐವತ್ತರ ಆಸುಪಾಸಿನ ದೊಡ್ಡ ಮೈಕಟ್ಟಿನ ಹೆಂಗಸು, ಗಂಡ ತೀರಿಕೊಂಡಿದ್ದ, ಆ ಬೀದಿಯ ಸಂಘಕ್ಕೆ ಅವಳೇ ಮುಖ್ಯಸ್ಥೆ. ನಾನು ಬರುವ ಮೊದಲೇ ಎಲ್ಲ ಗೊತ್ತುಮಾಡಿ ಇಟ್ಟಿದ್ದಳು. ಚರ್ಚಿನ ಬೀಗದ ಕೈ ಅವಳ ಏಪ್ರನ್ನಿನ ಜೇಬಿನಲ್ಲಿತ್ತು. ಮೂಲೆಯಲ್ಲಿ ನಿಲ್ಲುವ ಹುಡುಗರಿಗೆ ಹೇಳಿದ್ದಳಂತೆ, ಬಿಳಿ ವ್ಯಾನು ಬಂದ ದಿನ ಕುರ್ಚಿ ಹೊರಲು ಬರಬೇಕು ಎಂದು. “ಬರ್ತಾರೆ. ಬರ್ದಿದ್ರೆ ಅವರಮ್ಮಂದಿರು ನಂಗೆ ಗೊತ್ತು,” ಎಂದಳು. ಅಷ್ಟು ಚೊಕ್ಕವಾಗಿ ಸಿದ್ಧವಾಗಿದ್ದ ಬೀದಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಮುಂದಿಟ್ಟಳು. ನನಗೆ ಆ ದಿನಗಳಲ್ಲಿ ಕಾಫಿಯ ವಾಸನೆ ಬಂದರೆ ಸಾಕು, ಹೊಟ್ಟೆ ತೊಳಸುತ್ತಿತ್ತು. ಲೋಟವನ್ನು ಮೆಲ್ಲಗೆ ಆಚೆ ಸರಿಸಿದೆ. ಅವಳು ಅದನ್ನು ನೋಡಿದಳು. ಲೋಟ ಎತ್ತಿಕೊಂಡು ಹೋಗಿ, ಒಂದು ತಟ್ಟೆಯಲ್ಲಿ ಉಪ್ಪು ಬಿಸ್ಕತ್ತು ತಂದಿಟ್ಟಳು.

“ಎಷ್ಟು ತಿಂಗ್ಳು, ಮಗೂ?”

ಅಮ್ಮನಿಗೂ ತಿಳಿಸದಿದ್ದ ಗುಟ್ಟು. ನಾನು ಇಲ್ಲ ಎನ್ನಬೇಕೆಂದುಕೊಂಡೆ, ಆದರೆ ಕಣ್ಣು ತುಂಬಿಬಿಟ್ಟಿತು. ಎರಡು ಎಂದೆ. ಯಾರಿಗೂ ಹೇಳಬೇಡಿ ಎಂದೆ. “ನಾನ್ಯಾಕೆ ಹೇಳ್ಲಿ?” ಎಂದು ನನ್ನ ಭುಜ ತಟ್ಟಿದಳು. “ನಮ್ಮ ಡೆನೀಸ್‌ಗೂ ಅಷ್ಟೇ ಆಗಿದೆ. ಅವಳೂ ಬೆಳಿಗ್ಗೆಯೆಲ್ಲ ಹೀಗೇ. ಆದ್ರೂ ಕೆಲ್ಸಕ್ಕೆ ಹೋಗ್ತಾಳೆ, ಇಲ್ಲೇ ಹತ್ರದ ಶಾಲೇಲಿ ಮಕ್ಕಳಿಗೆ ಊಟ ಬಡಿಸೋ ಕೆಲ್ಸ.” ಡೆನೀಸ್ ಅವಳ ಮಗಳು. ಆ ಹೊತ್ತಿನಲ್ಲಿ ಶಾಲೆಯಲ್ಲೇ ಇದ್ದಳು.

ಈ ದೇಶದಲ್ಲಿ ನನ್ನನ್ನು ಯಾರೂ ಹಾಗೆ ಕೂರಿಸಿ ತಿನ್ನಿಸಿರಲಿಲ್ಲ. ಬಿಸ್ಕತ್ತು ತಿನ್ನುತ್ತಾ ತುಂಬ ಹಗುರವಾಯಿತು — ಅದನ್ನೂ ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ.

ಆಗ ಪಕ್ಕದ ಮನೆಯಾಕೆ ಏಳೆಂಟು ವರ್ಷದ ತನ್ನ ಮಗಳನ್ನು ಕರೆದುಕೊಂಡು ಒಳಗೆ ಬಂದಳು. ಡಾಕ್ಟರು ಬಂದಿದ್ದಾರೆ ಎಂದು ಕೇಳಿ ಬಂದಿದ್ದಳು. ಹುಡುಗಿಯ ಕಿವಿಯ ಹಿಂದೆ, ಕತ್ತಿನ ಮೇಲೆ ಸಣ್ಣಗೆ ಕೆಂಪು ದದ್ದು ಎದ್ದಿತ್ತು. ಶಾಲೆಯಲ್ಲಿ ಅವಳ ಕ್ಲಾಸಿನ ಇನ್ನಿಬ್ಬರಿಗೂ ಹಾಗೇ ಆಗಿದೆಯಂತೆ. “ನೀವು ಲಸಿಕೆ ಹಾಕೋಕೆ ಬರ್ತೀರಲ್ಲ, ಅದೇ ಕಾಯ್ಲೇನಾ ಇದು?” ಎಂದು ಮಿಸೆಸ್ ಬೇಟ್ಸ್ ಕೇಳಿದಳು. ನಾನು ಎದ್ದು ನಿಂತೆ. ಹುಡುಗಿಯ ಹತ್ತಿರಕ್ಕಲ್ಲ — ಹಿಂದಕ್ಕೆ, ಸಿಂಕಿನ ಹತ್ತಿರಕ್ಕೆ. ಕೈ ಮುಟ್ಟಿ ನೋಡಲಿಲ್ಲ. ದೂರದಿಂದಲೇ, ಇರಬಹುದು, ನೋಡೋಣ, ಎಂದೆ. ಕೋಟು ಹಾಕಿಕೊಂಡೆ. ಆ ಕ್ಷಣ ಇನ್ನೊಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳದೆ ಹೊರಟೆ. ಆ ಮಾತನ್ನು ಈಗ ಬರೆಯಲಾರೆ — ಬರೆಯುತ್ತೇನೆ, ಕೊನೆಗೆ.

ಹೊರಗೆ ಬಂದು ಕಾರು ಸ್ಟಾರ್ಟ್ ಮಾಡಿದರೆ ಹಿಂದಿನ ಚಕ್ರ ಕೆಸರಿನಲ್ಲಿ ಸುಮ್ಮನೆ ತಿರುಗುತ್ತಿತ್ತು. ಮೂಲೆಯಿಂದ ಮೂವರು ಹುಡುಗರು ಬಂದರು, ಇಪ್ಪತ್ತರ ಆಸುಪಾಸಿನವರು. ನಾನು ಬಾಗಿಲು ಲಾಕ್ ಮಾಡಿಕೊಂಡೆ. ಒಬ್ಬ ಒಂದು ರಟ್ಟಿನ ಪೆಟ್ಟಿಗೆಯನ್ನು ಹರಿದು ಚಕ್ರದ ಅಡಿಗೆ ತುರುಕಿದ. ಇನ್ನೊಬ್ಬ ಗಾಜಿನ ಹತ್ತಿರ ಬಗ್ಗಿ, “ಆಕ್ಸಿಲರೇಟರ್ ಮೆಲ್ಲಗೆ ಒತ್ತಿ ಮೇಡಂ, ಮೆಲ್ಲಗೆ,” ಎಂದ. ಮೂವರೂ ಸೇರಿ ತಳ್ಳಿದರು. ಕಾರು ಒಮ್ಮೆಗೇ ನೆಗೆದು, ಹಿಂದೆ ಇದ್ದವನ ಪ್ಯಾಂಟಿಗೆಲ್ಲ ಕೆಸರು ರಾಚಿತು. ಕನ್ನಡಿಯಲ್ಲಿ ನೋಡಿದೆ. ಅವನು ಕಾಲು ಕೊಡವುತ್ತಾ ನಗುತ್ತಿದ್ದ, ಇನ್ನಿಬ್ಬರು ಅವನನ್ನು ಗೇಲಿ ಮಾಡುತ್ತಿದ್ದರು.

ಮರುದಿನ ಮೀಟಿಂಗಿನಲ್ಲಿ ನನ್ನ ಬೀದಿಯ ಸರದಿ ಬಂತು. ಆ ಕಡೆ ರುಬೆಲ್ಲಾ ಕಾಣಿಸಿಕೊಂಡಿರುವ ಸುದ್ದಿ ಕಚೇರಿಗೂ ಬಂದಿತ್ತು, ಮುಂದಿನ ವಾರವೇ ವ್ಯಾನು ಕಳಿಸಬೇಕೆಂದು ಡಾಕ್ಟರ್ ಹ್ಯಾನ್ಸನ್ ಆತುರದಲ್ಲಿದ್ದರು. ನನ್ನ ಪಾಲಿನ ಉಳಿದ ಬೀದಿಗಳಿಗೆ ವ್ಯಾನು ಹೋಗುವುದು ಬೇಸಿಗೆಗೆ, ಅಷ್ಟರಲ್ಲಿ ಮೂರು ತಿಂಗಳು ದಾಟಿರುತ್ತದೆ. ಇದೊಂದು ತಪ್ಪಿದರೆ ಸಾಕು. ಸರಿ ಎಂದರೆ ಆ ಮಕ್ಕಳ ನಡುವೆ ಆ ಬೇಸ್‌ಮೆಂಟಿನಲ್ಲಿ ಎರಡು ದಿನ ನಾನೇ ನಿಲ್ಲಬೇಕು.

“ಆ ಬೀದಿ ಬೇಡ,” ಎಂದೆ.

ನಿಯಮದ ಪ್ರಕಾರ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಹ್ಯಾನ್ಸನ್ ತಲೆ ಎತ್ತಿ ನನ್ನ ಮುಖವನ್ನೇ ನೋಡಿದರು. ಕೇಳಲಿಲ್ಲ. ಕೇಳದಿದ್ದರೂ ನಾನೇ ಹೇಳಿದೆ — “ಮೂಲೆಯಲ್ಲಿ ಹುಡುಗರು ಕಾರು ತಡೆದರು.”

ಯಾರೋ ಪೆನ್ನು ಕೆಳಗಿಟ್ಟರು. ಹ್ಯಾನ್ಸನ್ ಎದ್ದು, ಮೇಜು ಸುತ್ತಿಕೊಂಡು ಬಂದು, ನನಗೆ ಒಂದು ಲೋಟ ನೀರು ತಂದುಕೊಟ್ಟರು. ಒಬ್ಬಳನ್ನೇ ಕಳಿಸಿದ್ದು ತಮ್ಮ ತಪ್ಪು ಎಂದರು. ನಾನು ಆ ನೀರನ್ನು ಪೂರ್ತಿ ಕುಡಿದೆ.

ಎರಡು ವಾರದ ಮೇಲೆ ಮಿಸೆಸ್ ಬೇಟ್ಸ್ ಕಚೇರಿಗೆ ಬಂದಳು. ಚರ್ಚಿಗೆ ಹೋಗುವ ಕೋಟು, ಟೋಪಿ. ವ್ಯಾನು ಯಾಕೆ ಬರಲಿಲ್ಲ ಎಂದು ಕೇಳಲು ಎರಡು ಬಸ್ಸು ಬದಲಿಸಿ ಬಂದಿದ್ದಳು. ಕಾರಿಡಾರಿನಲ್ಲಿ ಹ್ಯಾನ್ಸನ್ ಅವಳಿಗೆ ಸಮಾಧಾನವಾಗಿಯೇ ಹೇಳಿದರು, ನಿಮ್ಮ ಹುಡುಗರು ನಮ್ಮ ಡಾಕ್ಟರ ಕಾರು ತಡೆದರು, ಇನ್ನು ಈ ವರ್ಷ ಆಗುವುದಿಲ್ಲ ಎಂದು. ನಾನು ಅವರ ಹಿಂದೆಯೇ ಇದ್ದೆ. ಓಡಿಹೋಗಲು ಜಾಗವಿರಲಿಲ್ಲ.

ಅವಳು ನನ್ನನ್ನು ನೋಡಿದಳು. ಹುಡುಗರು ಕಾರು ತಳ್ಳಿದ್ದು ಅವಳಿಗೆ ಗೊತ್ತೇ ಇರುತ್ತದೆ, ಅವಳ ಕಿಟಕಿಯ ಎದುರೇ ನಡೆದದ್ದು. ನಾನು ಸಿಂಕಿನ ಕಡೆಗೆ ಹೆಜ್ಜೆ ಹಿಂದಿಟ್ಟದ್ದನ್ನೂ ನೋಡಿದ್ದಳು. ‘ಈ ಹುಡುಗಿ ಬಸುರಿ, ಹೆದರಿ ಸುಳ್ಳು ಹೇಳಿದಾಳೆ’ — ಅಲ್ಲೇ ಹೇಳಿಬಿಡಬಹುದಿತ್ತು. ವ್ಯಾನು ಮರುದಿನವೇ ಹೊರಡುತ್ತಿತ್ತು. ಆದರೆ ಯಾರಿಗೂ ಹೇಳುವುದಿಲ್ಲ ಎಂದು ನನಗೆ ಮಾತು ಕೊಟ್ಟಿದ್ದಳು. ಮಾತು ಉಳಿಸಿಕೊಂಡಳು.

“ಡಾಕ್ಟ್ರು ಹಾಗ್ ಹೇಳಿದಾರೆ ಅಂದ್ಮೇಲೆ ಇನ್ನೇನಿದೆ,” ಎಂದಳು. ಹೊರಡುವಾಗ ನನ್ನ ಪಕ್ಕ ಒಂದು ಕ್ಷಣ ನಿಂತು, ನನಗೆ ಮಾತ್ರ ಕೇಳುವ ಹಾಗೆ, “ಈಗ ಊಟ ಸೇರ್ತಿದ್ಯಾ?” ಎಂದು ಕೇಳಿದಳು.

ಬೈದಿದ್ದರೆ ಇಷ್ಟು ವರ್ಷದಲ್ಲಿ ಮರೆತುಬಿಡುತ್ತಿದ್ದೆನೋ ಏನೋ.

ಮೂರು ತುಂಬಿತು. ಎಲ್ಲರಿಗೂ ಹೇಳಿದೆವು. ಹೆರಿಗೆ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ರುಬೆಲ್ಲಾದ್ದೂ ಸೇರಿ. ನನಗೆ ಚಿಕ್ಕಂದಿನಲ್ಲೇ ಅದು ಬಂದು ಹೋಗಿತ್ತು. ಇನ್ನು ಬರುವ ಹಾಗೇ ಇರಲಿಲ್ಲ. ಆ ಬೇಸ್‌ಮೆಂಟಿನಲ್ಲಿ ಎರಡು ದಿನವಲ್ಲ, ಎರಡು ತಿಂಗಳು ಕೂತಿದ್ದರೂ ನನ್ನ ಮಗುವಿಗೆ ಏನೂ ಆಗುತ್ತಿರಲಿಲ್ಲ. ಇವರು ಅದನ್ನು ಕೇಳಿ ಸಂತೋಷಪಟ್ಟರು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ಅಕ್ಟೋಬರಿನಲ್ಲಿ ಅನು ಹುಟ್ಟಿದಳು, ಕಿವಿ ಕಣ್ಣು ಎಲ್ಲ ಸರಿಯಾಗಿ.

ಅನುಗೆ ಎರಡು ತುಂಬಿದಾಗ ನನಗೆ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗದ ಕೆಲಸ ಸಿಕ್ಕಿತು. ಮುಂದಿನ ವಸಂತದಲ್ಲಿ, ಒಂದು ಮಧ್ಯಾಹ್ನ, ಕಿವಿ ಪರೀಕ್ಷೆಗೆ ಬಂದ ಒಂದು ಮಗು. ಎದೆಗೆ ಪಟ್ಟಿ ಕಟ್ಟಿ ಕಿವಿಯ ಯಂತ್ರ ತೂಗುಹಾಕಿದ್ದರು. ನಾನು ಹಿಂದಿನಿಂದ ಗಂಟೆ ಬಾರಿಸಿದೆ, ತಿರುಗಲಿಲ್ಲ. ಬಸುರಿಯಾಗಿದ್ದಾಗ ಏನಾದರೂ ಕಾಯಿಲೆ ಬಂದಿತ್ತೇ ಎಂದು ತಾಯಿಯನ್ನು ಕೇಳಿದೆ, ಎಲ್ಲರನ್ನೂ ಕೇಳುವ ಹಾಗೆ. “ಮೂರನೇ ತಿಂಗಳಲ್ಲಿ ಮೈ ಸ್ವಲ್ಪ ಕೆಂಪಗಾಗಿತ್ತು. ನಾನು ಕೆಲಸ ಮಾಡೋ ಶಾಲೇಲಿ ಮಕ್ಕಳಿಗೆಲ್ಲ ಬಂದಿತ್ತು,” ಎಂದಳು. ಹೆಸರು ಡೆನೀಸ್. ನನ್ನನ್ನು ಅವಳು ಎಂದೂ ನೋಡಿರಲಿಲ್ಲ. ಮಗನ ಹೆಸರು ಮಾರ್ಕಸ್. ಅನುಗಿಂತ ಹತ್ತು ದಿನಕ್ಕೋ ಹದಿನೈದು ದಿನಕ್ಕೋ ಚಿಕ್ಕವನು.

ಲಸಿಕೆ ಹಾಕಿದ್ದರೂ ತಡವಾಗಿರುತ್ತಿತ್ತೇನೋ ಎಂದು ನೀವು ಕೇಳಬಹುದು. ನಮ್ಮ ಮನೆಯವರೂ ಮೊನ್ನೆ ಅದನ್ನೇ ಕೇಳಿದರು. ಇರಬಹುದು. ಅದನ್ನು ತಿಳಿಯುವ ಅವಕಾಶವೇ ಇಲ್ಲದ ಹಾಗೆ ಮಾಡಿದವಳು ನಾನು, ಹಾಗಾಗಿ ಆ ಸಂಶಯದ ಲಾಭ ನನಗೆ ಬೇಡ.

ಅನುಗೆ ಈಗ ಒಂಬತ್ತು ವರ್ಷ, ನಮ್ಮ ಹಬ್ಬಗಳಲ್ಲಿ ದೇವರನಾಮ ಹೇಳುತ್ತಾಳೆ. ಅವಳು ಹಾಡಲು ಕೂತರೆ ನಾನು ಅಡುಗೆಮನೆಗೆ ಎದ್ದುಹೋಗುತ್ತೇನೆ. ನನಗೆ ಸಂಗೀತ ಅಂದರೆ ಅಷ್ಟಕ್ಕಷ್ಟೇ ಎಂದು ನೀವೆಲ್ಲ ತಿಳಿದಿದ್ದೀರಿ. “ಮಾಮ್, ಯೂ ನೆವರ್ ಲಿಸನ್,” ಎಂದು ಅವಳೂ ಒಂದು ಸಲ ಅಂದೇಬಿಟ್ಟಳು. ಪಾತ್ರೆ ತೊಳೆಯುವುದಿದೆ ಎಂದೆ.

ಹೀಗೇ ಸಾಯುವ ತನಕ ಪಾತ್ರೆ ತೊಳೆದುಕೊಂಡು ಇದ್ದುಬಿಡುತ್ತಿದ್ದೆ. ಹೋದ ತಿಂಗಳು ಪಕ್ಕದ ಟ್ರಾಯ್ ಊರಿನಲ್ಲಿ ಒಬ್ಬರ ಮನೆಯ ಊಟದಲ್ಲಿ ವಸುಧಾ ನನ್ನ ಪಕ್ಕ ಬಂದು ಕೂತಳು. ಬೆಂಗಳೂರಿನಿಂದ ಹೊಸದಾಗಿ ಬಂದ ಡಾಕ್ಟರು, ನಾನಿದ್ದ ಅದೇ ಕಚೇರಿಗೆ ಸೇರಿದ್ದಾಳೆ. ಒಳ್ಳೆಯ ಹುಡುಗಿ. “ಅಕ್ಕಾ, ನೀವಿದ್ದದ್ದು ಒಳ್ಳೇದಾಯ್ತು,” ಎಂದಳು. “ಆ ಬೀದಿಗೆ ಹೋಗಿ ನೋಡ್ಕೊಂಡು ಬಾ ಅಂತ ನಂಗೆ ಹೇಳಿದ್ರು. ನಿಮಗಾದದ್ದನ್ನ ಹೇಳ್ಬಿಟ್ಟೆ. ಹಾಗಿದ್ರೆ ಬಿಟ್ಬಿಡೋಣ ಅಂತಿದಾರೆ.”

ಕೇಳಿದೆ, ನಡುವಿನ ವರ್ಷಗಳಲ್ಲಿ ವ್ಯಾನು ಹೋಗಿತ್ತೇ ಎಂದು. ಇಲ್ಲವಂತೆ. ಒಮ್ಮೆ ಬೇಡ ಎನ್ನಿಸಿಕೊಂಡ ಬೀದಿಯನ್ನು ಮತ್ತೆ ಯಾರೂ ನೋಡಲು ಹೋಗಿರಲಿಲ್ಲ. ಮನೆಮನೆಗೆ ಹೋಗುವ ನರ್ಸುಗಳೂ ಅಲ್ಲಿಗೆ ಹೋಗುವುದನ್ನು ಬಿಟ್ಟಿದ್ದರು. ಒಂದೇ ಒಂದು ವಾಕ್ಯ ಹೇಳಿದ್ದೆ ನಾನು. ಅದಕ್ಕೆ ಇಷ್ಟು ಆಯುಷ್ಯ ಇರುತ್ತದೆಂದು — ಇಲ್ಲ, ಗೊತ್ತಿರಲಿಲ್ಲ ಎಂದು ಹೇಳಲಾರೆ. ಪ್ರತಿ ಶನಿವಾರ ಅದಕ್ಕೆ ಊಟ ಹಾಕಿ ಬೆಳೆಸಿದವಳೇ ನಾನು.

ಆ ರಾತ್ರಿಯೇ ಇವರಿಗೆ ಹೇಳಿದೆ. “ಈಗ ಯಾಕೆ ಅದನ್ನೆಲ್ಲ ಕೆದಕ್ತೀಯ, ಸುಮಿ?” ಎಂದರು. “ಚಾಕು ಇರ್ಲಿಲ್ಲ ಕಣ್ರೀ,” ಎಂದೆ.

ಕಳೆದ ಭಾನುವಾರ ಚರ್ಚು ಬಿಡುವ ಹೊತ್ತಿಗೆ ಆ ಮನೆಗೆ ಹೋದೆ. ಮಿಸೆಸ್ ಬೇಟ್ಸ್ ಈಗ ಕೋಲು ಹಿಡಿದು ನಡೆಯುತ್ತಾಳೆ. ನೋಡಿದ ಕೂಡಲೇ ಗುರುತು ಹಿಡಿದಳು. ಅದೇ ಅಡುಗೆಮನೆ, ಅದೇ ಮೇಜು. ಡೆನೀಸ್ ಎದುರಿಗೆ ಕೂತಳು. ಮಾರ್ಕಸ್ ನೆಲದ ಮೇಲೆ ಕಾರಿನ ಚಿತ್ರ ಬರೆಯುತ್ತಿದ್ದ, ಆಗಾಗ ತಲೆಯೆತ್ತಿ ಅಮ್ಮನ ತುಟಿ ನೋಡುತ್ತಿದ್ದ. ನಾನು ಹುಡುಗರ ವಿಷಯ ಹೇಳಿದೆ, ಸುಳ್ಳು ಹೇಳಿದ್ದನ್ನು ಹೇಳಿದೆ, ಯಾಕೆ ಎಂಬುದನ್ನೂ ಹೇಳಿದೆ.

“ಅದು ನಂಗೆ ಅವತ್ತೇ ಗೊತ್ತಿತ್ತು,” ಎಂದಳು ಮಿಸೆಸ್ ಬೇಟ್ಸ್. “ಚಿಕ್ಕೋಳು ನೀನು, ಹೆದ್ರಿದ್ದೆ.” ಡೆನೀಸ್ ತಾಯಿಯ ಮುಖ ನೋಡಿದಳು. ಮೇಜಿನ ಮೇಲಿದ್ದ ನನ್ನ ಕೈಯ ಮೇಲೆ ಮಿಸೆಸ್ ಬೇಟ್ಸ್ ಕೈ ಇಟ್ಟಳು. ಅಲ್ಲಿಗೇ ನಿಲ್ಲಿಸಿದ್ದರೆ ಕ್ಷಮೆ ಪಡೆದುಕೊಂಡು ಮನೆಗೆ ಬರಬಹುದಿತ್ತು.

ಆದರೆ ಹೇಳದೆ ಉಳಿಸಿದ್ದ ಮಾತು ಇನ್ನೂ ಇತ್ತು. ಕೊನೆಗೆ ಬರೆಯುತ್ತೇನೆ ಎಂದೆನಲ್ಲ, ಇದೇ ಅದು. ಆ ಬೆಳಿಗ್ಗೆ, ಆ ಹುಡುಗಿಯ ಕತ್ತಿನ ದದ್ದು ನೋಡಿದ ಕೂಡಲೇ ನನಗೆ ಡೆನೀಸಳ ನೆನಪಾಗಿತ್ತು. ಎರಡು ತಿಂಗಳ ಬಸುರಿ, ಅದೇ ಶಾಲೆಯಲ್ಲಿ ಮಕ್ಕಳಿಗೆ ಬಡಿಸುತ್ತಿದ್ದಾಳೆ. ‘ನಿಮ್ಮ ಮಗಳನ್ನು ನಾಳೆಯಿಂದ ಶಾಲೆಗೆ ಕಳಿಸಬೇಡಿ’ — ಇಷ್ಟು ಹೇಳಿದ್ದರೆ ಸಾಕಿತ್ತು. ಲಸಿಕೆಯೂ ಬೇಡ, ವ್ಯಾನೂ ಬೇಡ. ಹೇಳಲಿಲ್ಲ. ಹೇಳಿದ್ದರೆ, ಹಾಗಾದರೆ ನೀನು ಹೇಗೆ ಬರುತ್ತೀಯ ಎಂದು ಅವಳು ಕೇಳುತ್ತಿದ್ದಳು, ನಾನು ಬರುವುದಿಲ್ಲ ಎಂಬುದು ಗೊತ್ತಾಗಿಬಿಡುತ್ತಿತ್ತು. ನನ್ನ ಮಗುವನ್ನು ಉಳಿಸಿಕೊಂಡು ಹೊರಗೆ ಬಂದೆ. ಅವಳ ಮಗುವಿನ ವಿಷಯ ಗೊತ್ತಿದ್ದೂ ಬಾಗಿಲು ಎಳೆದುಕೊಂಡೆ.

ಇದನ್ನು ಹೇಳಿದಾಗ ಮಿಸೆಸ್ ಬೇಟ್ಸ್ ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

“ಈ ಮೇಜಿನ ಹತ್ರ ಕೂತಾಗ,” ಎಂದು ಡೆನೀಸ್ ಕೇಳಿದಳು, “ನಿಮಗೆ ಗೊತ್ತಿತ್ತು?”

“ಗೊತ್ತಿತ್ತು.”

ಅವಳು ಎದ್ದು, ಮಗನ ಭುಜ ಮುಟ್ಟಿ, ಕೈಸನ್ನೆಯಲ್ಲಿ ಏನೋ ಹೇಳಿದಳು. ಅವನು ಚಿತ್ರ ಎತ್ತಿಕೊಂಡು ಅವಳ ಹಿಂದೆ ಒಳಗೆ ಹೋದ. ಮಿಸೆಸ್ ಬೇಟ್ಸ್ ಕೋಲು ಊರಿ ಎದ್ದಳು. “ನೀನಿನ್ನು ಹೊರಡು,” ಎಂದಳು. ಮಗೂ ಎನ್ನಲಿಲ್ಲ.

ಮಂಗಳವಾರ ವಸುಧಾಳ ಜೊತೆ ಆ ಕಚೇರಿಗೆ ಹೋಗುತ್ತೇನೆ. ಹ್ಯಾನ್ಸನ್ ಈಗ ಅಲ್ಲಿಲ್ಲ, ಬೇರೆ ಯಾರೋ ಇದ್ದಾರೆ. ಅವರೆದುರು ಹೇಳುತ್ತೇನೆ. ನನ್ನ ಆಸ್ಪತ್ರೆಯವರ ಕಿವಿಗೆ ಬಿದ್ದರೆ ಬೀಳಲಿ. ಅನುಗೂ ಹೇಳಬೇಕು, ಅದು ಇನ್ನೂ ಕಷ್ಟ. ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ. ಆ ಕತೆಯನ್ನು ಯಾರ ಯಾರ ಮನೆಯಲ್ಲಿ ಹೇಳಿದ್ದೀರೋ ಅವರಿಗೆಲ್ಲ ಇದನ್ನೂ ಹೇಳಿ, ನನ್ನ ಹೆಸರು ಹಿಡಿದೇ ಹೇಳಿ.

ಭಾನುವಾರ ಆ ಮನೆಯಿಂದ ಹೊರಗೆ ಬಂದು ಕಾರಿನಲ್ಲಿ ಕೂತಾಗ ಕೈ ತಾನಾಗಿಯೇ ಬಾಗಿಲಿನ ಲಾಕಿಗೆ ಹೋಯಿತು. ವಾಪಸ್ಸು ತೆಗೆದೆ. ಮೂಲೆ ಬರುವ ಮೊದಲು ಕಾರು ನಿಧಾನ ಮಾಡಿ ಕಿಟಕಿಯ ಗಾಜು ಪೂರ್ತಿ ಇಳಿಸಿದೆ. ಮೂಲೆಯಲ್ಲಿ ಯಾರೂ ಇರಲಿಲ್ಲ.